ಮೇಲಕ್ಕೆ ಜಾರುವುದು

ಇಂಗ್ಲಿಷಿನ ಮೇಡಂ ಹೆರಿಗೆ ರಜೆಗೆ ಹೋದದ್ದರಿಂದ
ಗಣಿತದ ನಾನು ಒಂಬತ್ತನೇ ಬಿ ಸೆಕ್ಷನ್ನಿಗೆ
ಮೂರನೇ ಪೀರಿಯಡ್ಡು ಇಂಗ್ಲಿಷು ಹೇಳಲು ನಿಂತೆ.
ಪಾಠದ ಕೊನೆಯಲ್ಲಿತ್ತು: ಸ್ಲಿಪ್ ಅಪ್.
ಗೈಡಿನಲ್ಲಿ ಅರ್ಥವಿದ್ದ ಪುಟವನ್ನು ಯಾರೋ ಹರಿದು
ಕಡಲೆಕಾಯಿ ಕಟ್ಟಿಕೊಂಡಿದ್ದರು.

ಸ್ಲಿಪ್ ಅಂದರೆ ಜಾರು. ಅಪ್ ಅಂದರೆ ಮೇಲೆ.
ಕೂಡಿದೆ. ಕೂಡುವುದು ನನಗೆ ಬರುತ್ತದೆ.
ಕಿಟಕಿಯಾಚೆ ಮಧುಗಿರಿಯ ಬೆಟ್ಟ,
ಬಿಸಿಲಿಗೆ ಬೋರಲು ಹಾಕಿದ ಒಂದೇ ಬಂಡೆ.
ಬೆರಳು ಮಾಡಿ ಹೇಳಿದೆ:
‘ಬೆಟ್ಟ ಹತ್ತುವಾಗ ಕಾಲು ಜಾರುತ್ತಲ್ಲ, ಅದು.’

ಎಲ್ಲರೂ ಬರಕೊಂಡರು.
ರಂಗಲಕ್ಷ್ಮಿ ಮಾತ್ರ ಕೈ ಎತ್ತಿದಳು:
‘ಸಾ, ಜಾರಿದ್ರೆ ಕೆಳಕ್ಕಲ್ವಾ ಬೀಳೋದು?’
‘ಇಂಗ್ಲಿಷ್ನೋರು ಹಂಗೇ ಕಣಮ್ಮ, ಕೂತ್ಕೋ.’

ತಾಲ್ಲೂಕಿನ ಪರೀಕ್ಷೆಯಲ್ಲಿ ಅವಳು
ತನ್ನ ಅಜ್ಜಿಯನ್ನು ಬೆಟ್ಟ ಹತ್ತಿಸಿ, ಎರಡನೇ ಬಾಗಿಲ ಬಳಿ
ಸ್ಲಿಪ್ ಅಪ್ ಮಾಡಿಸಿ, ಮಂಡಿಗೆ ಅರಿಶಿನ ಹಚ್ಚಿ ಕೂರಿಸಿದ್ದಳು.
ತಿದ್ದಿದವರು ಬೇರೆ ಶಾಲೆಯವರು.
ಅಜ್ಜಿಯ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ಸೊನ್ನೆ.

ಆ ರಾತ್ರಿ ಮೊಬೈಲಿನ ನಿಘಂಟು ತೆರೆದೆ.
‘ಎಡವಟ್ಟು ಮಾಡಿಕೊಳ್ಳುವುದು;
ಗಮನವಿಲ್ಲದೆ ಸಣ್ಣ ತಪ್ಪು ಮಾಡುವುದು. ಆಡುಮಾತು.’
ಸಣ್ಣ ಎಂಬಲ್ಲಿ ಕಣ್ಣು ನಿಂತುಬಿಟ್ಟಿತು.

ಹನ್ನೊಂದು ವರ್ಷದ ಹಿಂದೆ, ಮಿಡಿಗೇಶಿಯಲ್ಲಿದ್ದಾಗ,
ಅಂಕಪಟ್ಟಿ ನಕಲು ಮಾಡುತ್ತಾ
(ಕರೆಂಟು ಹೋಗಿತ್ತು, ಸೆಖೆ, ಸಹಿಗೆಂದು ಪ್ಯೂನು ತಲೆಯ ಮೇಲೇ ನಿಂತಿದ್ದ)
ನಲವತ್ತಮೂರನ್ನು ಮೂವತ್ತನಾಲ್ಕು ಎಂದು ಇಳಿಸಿದೆ.
ಮೂವತ್ತೈದಕ್ಕೆ ಪಾಸು.
ಹುಡುಗನ ಹೆಸರು ಕದರಪ್ಪ.
ಜೂನಿನಲ್ಲಿ ಉತ್ತರಪತ್ರಿಕೆಯ ಕಟ್ಟು ಬಿಚ್ಚಿದಾಗ ಕಂಡಿತು;
ಅಷ್ಟರಲ್ಲಿ ಅವನು ಲಾರಿ ಕ್ಲೀನರು, ಹುಬ್ಬಳ್ಳಿಯ ಕಡೆಗೆಲ್ಲೋ.

ಹೆಡ್ಮಾಸ್ಟರಿಗೆ ಹೇಳಿದೆ: ‘ತಪ್ಪಾಯ್ತು ಸಾರ್.’
ಅವರೆಂದರು: ‘ಆಗುತ್ತೆ ಬಿಡಿ.’
ಎರಡು ಮಾತಿನಲ್ಲೂ ಯಾರೂ ಇಲ್ಲ, ನೋಡಿ.
ಸಂಜೆಯಾಯ್ತು, ಮಳೆಯಾಯ್ತು ಎನ್ನುವ ಹಾಗೆ
ತಪ್ಪಾಯ್ತು.
ತನ್ನಷ್ಟಕ್ಕೆ ತಾನೇ ಆಗಿ, ಊಟ ಮಾಡಿ, ಮಲಗಿತು.

ಇಂಗ್ಲಿಷಾದರೆ ಜಾರಿದವನನ್ನು ಮುಂದೆ ನಿಲ್ಲಿಸುತ್ತದೆ.
‘ಐ’. ತಂತಿ ಕಿತ್ತ ಲೈಟುಕಂಬದಂಥ ಒಂದಕ್ಷರ.
ಆದರೆ ಅದೂ ಕಳ್ಳಭಾಷೆಯೇ.
ನಿಲ್ಲಿಸಿದ ಮರುಕ್ಷಣವೇ ಬಾಳೆಸಿಪ್ಪೆ ತುಳಿಸಿ
ನೋಡಿದವರನ್ನು ನಗಿಸಿಬಿಡುತ್ತದೆ.

ಮಾರನೇ ದಿನ ಕ್ಲಾಸಿನಲ್ಲಿ
ಬೋರ್ಡು ಒರೆಸಿದೆ, ಇನ್ನೊಮ್ಮೆ ಒರೆಸಿದೆ.
‘ತಪ್ಪಾ...’ ಎಂದು ಬಾಯಿಗೆ ಬಂದದ್ದನ್ನು ನುಂಗಿ
‘ನಾನು ತಪ್ಪು ಹೇಳಿಕೊಟ್ಟೆ’ ಅಂದೆ.
ಐವತ್ತೆರಡು ಮಕ್ಕಳು. ಒಂದು ಫ್ಯಾನಿನ ಸದ್ದು.
‘ಮಾರ್ಕ್ಸ್ ವಾಪಸ್ ಬತ್ತದಾ ಸಾ?’
‘ಇಲ್ಲಮ್ಮ.’
ರಂಗಲಕ್ಷ್ಮಿ ಒಂದು ಗಳಿಗೆ ಯೋಚಿಸಿದಳು.
‘ಆದ್ರೂ ಸಾ, ನಮ್ಮಜ್ಜಿ ಜಾರಿದ್ದು ನಿಜ.’

ಕದರಪ್ಪನಿಗೆ ಇನ್ನೂ ಹೇಳಿಲ್ಲ.
ಹೋದ ವರ್ಷ ಪಾವಗಡದ ರಸ್ತೆಯಲ್ಲಿ
ದಾಳಿಂಬೆ ತುಂಬಿದ ಲಾರಿ ನಿಲ್ಲಿಸಿ ಇಳಿದು ಬಂದ,
ಈಗ ಡ್ರೈವರು, ಹೊಟ್ಟೆ ಬಂದಿದೆ,
ನಡುರಸ್ತೆಯಲ್ಲೇ ಕಾಲು ಮುಟ್ಟಿದ.
‘ನೀವು ಚೆನ್ನಾಗೇ ಹೇಳ್ಕೊಡ್ತಿದ್ರಿ ಸಾ,
ನಂಗೇ ಲೆಕ್ಕ ಹತ್ತಲಿಲ್ಲ’ ಅಂದ.
ಹಿಂದಿನ ಬಸ್ಸು ಹಾರನ್ ಹೊಡೆಯುತ್ತಿತ್ತು.
ನಾನು ತಲೆಯಾಡಿಸಿದೆ.

ಅವನೇ ಹೇಳಿ ಬರೆಸಿದ ನಂಬರು ಡೈರಿಯಲ್ಲಿದೆ.
ಹತ್ತು ಅಂಕಿ.
ಒಂದೂ ಅದಲುಬದಲಾಗಿಲ್ಲ,
ಎರಡು ಸಲ ನೋಡಿದ್ದೇನೆ.