ಗೋಧಿ ಅಂಟು

ರಾಯಚೂರಿನ ತೀನ್ ಕಂದೀಲಿನ ಹಿಂದೆ ಅಪ್ಪನ ರದ್ದಿ ಅಂಗಡಿ.
ಆದೆಪ್ಪನಿಗೆ ಓದು ಬಾರದು. ಕಾಗದದ ಜಾತಿ ಮಾತ್ರ
ಹೆಬ್ಬೆರಳಿಗೆ ಗೊತ್ತು:
ಪೇಪರು, ಕೋರ್ಟಿಂದು, ಸಿಮೆಂಟಿನ ಚೀಲ,
ಆಮೇಲೆ, ನುಣ್ಣಂದು.

ನುಣ್ಣಂದು ಬರುತ್ತಿದ್ದದ್ದು ಎರಡೇ ಕಡೆಯಿಂದ.
ಜಿನ್ನಿಂಗ್ ಮಿಲ್ಲಿನ ಯೂನಿಯನ್ನಿನ ಮೈನುದ್ದೀನ್ ಕಾಕಾ
ಸೈಕಲ್ಲಿನ ಹಿಂದೆ ಹುರಿ ಬಿಗಿದು ತರುವುದು ಮಾಸ್ಕೋದ್ದು.
ಕಾಲೇಜಿನ ವಿಜಯೀಂದ್ರಾಚಾರ್ ಮೇಷ್ಟ್ರು
ಕೊಡೆಯ ಜೊತೆ ಬಗಲಲ್ಲಿ ತರುವುದು ಅಮೆರಿಕದ್ದು.
ಒಂದರಲ್ಲಿ ಹೆಲ್ಮೆಟ್ ಹಾಕಿ ನಗುವ ಹೆಣ್ಣುಮಗಳು,
ಇನ್ನೊಂದರಲ್ಲಿ ಚಂದ್ರನ ಬೂದಿಯ ಮೇಲೆ
ಯಾರದೋ ಬೂಟಿನ ಗುರುತು.

‘ನಂದರ ಮ್ಯಾಲ ಅವರದು ಇಡಬ್ಯಾಡ ಆದೆಪ್ಪ.’
‘ಕೆಳಗೂ ಬ್ಯಾಡ.’
ಅಪ್ಪ ನಡುವೆ ಒಂದು ಹರಕು ಗೋಣಿ ಹಾಸಿದ.
ಗೋಣಿಯ ಆಚೆಗೊಂದು ಲೋಕ, ಈಚೆಗೊಂದು.
ತೂಕದ ಕಲ್ಲು ಮಾತ್ರ ಒಂದೇ ಇತ್ತು ನಮ್ಮಲ್ಲಿ.

ಮಿರ್ಚಿ ಸುಡುವ ಈರಮ್ಮ ಎರಡನ್ನೂ ಒಲ್ಲೆ ಅಂದಳು:
‘ಎಣ್ಣಿ ಕುಡಿಯಂಗಿಲ್ಲ ಯಪ್ಪಾ ಈ ಹಾಳಿ.
ಕಟ್ಟಿಕೊಟ್ರ ಗಿರಾಕಿ ಅಂಗಿನೇ ಕುಡೀತದ.’

ಹಾಗಾಗಿ ನುಣ್ಣಂದು ಗೋಡೆಗೆ ಹೋಯಿತು.
ಮಡ್ಡಿಪೇಟೆ, ಸಿಯಾತಲಾಬ್, ಮಣ್ಣುದುರುವ ಮನೆ ಮನೆಗೆ
ಪಾವ್ ಕಿಲೋ, ಅರ್ಧ ಕಿಲೋ.
ನಮ್ಮ ಮನೆಗೆ ಅವ್ವನೇ ಹಚ್ಚಿದಳು.

ಅಂಟಿಗೆ ಏನು?
ರೇಷನ್ನಿನ ಕೆಂಪು ಗೋಧಿ. ಹಡಗು ಹತ್ತಿ ಬಂದದ್ದು.
ರೊಟ್ಟಿ ತಟ್ಟಿದರೆ ಹರಿಯುವುದು, ಚಪಾತಿಗೆ ಜಿಗುಟು,
ಜೋಳ ಉಂಡ ಹೊಟ್ಟೆಗೆ ಹಿಡಿಸದ್ದು.
ಅವ್ವ ಅದರ ಹಿಟ್ಟು ಕುದಿಸಿ, ಮೈಲುತುತ್ತ ಹಾಕದೆ
(ಮಕ್ಕಳು ಗೋಡೆ ನೆಕ್ಕುತ್ತಾವೆ ಅಂತ)
ಅಂಗೈಯಲ್ಲಿ ಬಳಿದು
ಉಕ್ರೇನಿನ ಟ್ರ್ಯಾಕ್ಟರನ್ನು ಒಲೆಯ ಮೇಲೆ ಕೂಡಿಸಿದಳು.
ಅಮೆರಿಕದ ಗೋಧಿಗೆ ರಷ್ಯದ ಸುಗ್ಗಿ
ಗಟ್ಟಿಯಾಗಿ ಹಿಡಿದುಕೊಂಡಿತು.
ಮೇಷ್ಟ್ರಿಗೂ ಹೇಳಲಿಲ್ಲ ನಾವು, ಕಾಕಾನಿಗೂ ಹೇಳಲಿಲ್ಲ.

ಆ ಗೋಡೆಗೆ ಬೆನ್ನು ಕೊಟ್ಟು ಮಗ್ಗಿ ಕಲಿತೆ.
ಹೆಲ್ಮೆಟ್ಟಿನವಳ ಕೆನ್ನೆ ನನ್ನ ಜಡೆ ತಾಗಿ ತಾಗಿ
ಎಣ್ಣೆಗಪ್ಪಾಯಿತು.
ಈರಮ್ಮಾ, ಕುಡಿಯುತ್ತದೆ ಈ ಹಾಳೆ,
ಹತ್ತು ವರ್ಷ ಬೇಕು ಅಷ್ಟೇ.

ಒಂದು ಚಳಿಗಾಲ ಕಾಕಾ ಕಟ್ಟು ಇಳಿಸಿ
ಕಲ್ಲು ಮುಟ್ಟಬೇಡ ಅಂದ.
‘ಇನ್ನ ಬರಂಗಿಲ್ಲ ಆದೆಪ್ಪ. ಕಳಿಸೋ ದೇಶಾನೇ ಇಲ್ಲ.’
ಅಪ್ಪನಿಗೆ ಅರ್ಥವಾಗಲಿಲ್ಲ.
ದೇಶ ಎಲ್ಲಿಗೆ ಹೋಗುತ್ತದೆ?
ಹಳ್ಳ ಬತ್ತಿದರೂ ಹಳ್ಳದ ಹೆಸರು ಇರುತ್ತದೆ.
ದುಡ್ಡು ತಗೊಳ್ಳಲಿಲ್ಲ ಕಾಕಾ. ಹುರಿ ಮಾತ್ರ ಬಿಚ್ಚಿಕೊಂಡು
ಕಿಸೆಯಲ್ಲಿಟ್ಟ.

ಮೇಷ್ಟ್ರು ಮುಂದಿನ ವಾರ ಬಂದರು, ಅದರ ಮುಂದಿನ ವಾರವೂ.
ತಮ್ಮ ಕಟ್ಟನ್ನು ತೂಗಿಸದೆ ನಿಂತು
ಗೋಣಿಯ ಆಚೆ ನೋಡುತ್ತಿದ್ದರು.
‘ಅಂವ ಬಂದಿಲ್ಲೇನು?’
ಗೆದ್ದವರ ಮುಖ ಹಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.
ಆಮೇಲೆ ಅವರೂ
ಬರೀ ಕೊಡೆ ಹಿಡಿದು ಆ ಬದಿಯಿಂದ ಹೋಗತೊಡಗಿದರು.

ಮೊನ್ನೆ ರಸ್ತೆ ಅಗಲ ಮಾಡಲು ಮನೆಗೆ ಗುರುತು ಹಾಕಿ ಹೋದರು.
ಕೆಡವುವ ಮೊದಲು ಒಲೆಯ ಗೋಡೆ ಮುಟ್ಟಿದೆ.
ಟೊಳ್ಳು ಸದ್ದು.
ಉಗುರು ಹಾಕಿದರೆ ಸುಗ್ಗಿಯೆಲ್ಲ
ಹಾವಿನ ಪೊರೆಯ ಹಾಗೆ ಒಂದೇ ಸಲ ಕೈಗೆ ಬಂತು.
ಹಿಂದೆ ಏನೂ ಇಲ್ಲ.
ಬಣ್ಣವನ್ನು ಮುಟ್ಟದೆ, ಹಿಂದಿನಿಂದ,
ಬೆಳ್ಳಿಹುಳ ಇಷ್ಟು ವರ್ಷ ಸಾವಧಾನ
ಗೋಧಿಯನ್ನಷ್ಟೇ ತಿಂದು ಮುಗಿಸಿತ್ತು.

ಒಂದು ಕಡೆ ಮಾತ್ರ ಬಿಡಲೊಲ್ಲದು.
ಕಾಕಾನ ಕೊನೆಯ ಕಟ್ಟಿನ ಹಾಳೆ,
ಅಪ್ಪ ತಾನೇ ಹಚ್ಚಿದ್ದು, ಯಾವ ಅಂಟಿನಿಂದಲೋ.
ಅದರ ಮೇಲೆ ಇದ್ದಿಲಿನಲ್ಲಿ ಅವನ ಲೆಕ್ಕ:
ಎರಡು ಗೆರೆ, ಒಂದು ಅರ್ಧ ಗೆರೆ,
ಪಕ್ಕಕ್ಕೊಂದು ಸೈಕಲ್ಲಿನ ಗಾಲಿ.

ಎರಡೂವರೆ ಕಿಲೋ. ಕೊಡುವುದು ಬಾಕಿ.