ಕಳುಹಿಸಿದವರಿಗೇ ವಾಪಸ್

ಮೂವತ್ತೊಂದು ವರ್ಷ ಕುರೆಸ್ಸಾರೆಯ ಅಂಚೆಮನೆಯಲ್ಲಿ
ಕಾಗದ ವಿಂಗಡಿಸಿದ ಕೈ ಇದು.
ಯಾರ ಗೇಟಿಗೆ ಹಸಿರು ಬಣ್ಣ, ಯಾವ ನಾಯಿ ಕಚ್ಚುತ್ತದೆ,
ಯಾರ ಮಗ ಜೈಲಿನಿಂದ ಬರೆಯುತ್ತಾನೆ, ಎಲ್ಲ
ಬೆರಳ ತುದಿಯಲ್ಲಿತ್ತು.
ಈಗ ನನ್ನ ಕನ್ನಡಕದ ವಿಳಾಸ ಗೊತ್ತಿಲ್ಲ.

ತಲೆಯೊಳಗೆ ಒಂದು ನರ ಒಡೆಯಿತಂತೆ, ಮಾರ್ಚಿಯಲ್ಲಿ.
ಅಂತೆ ಎನ್ನುವುದೇ ಸರಿ; ನಾನು ಅಲ್ಲಿರಲಿಲ್ಲ.

ಡಾಕ್ಟರ್ ತೀಯ ಕೊಟ್ಟದ್ದು ಒಂದು ಚೌಕಳಿ ನೋಟುಬುಕ್ಕು,
ಮಕ್ಕಳು ಲೆಕ್ಕಕ್ಕೆ ಬಳಸುವಂಥದ್ದು.
"ಬರೆಯಿರಿ, ಹೆಲ್ವೆ. ಮಾಡಬೇಕಾದ್ದು ಎಡಕ್ಕೆ, ಮಾಡಿದ್ದು ಬಲಕ್ಕೆ.
ಕೆಳಗೆ ಒಂದು ಸಾಲು: ಮನಸ್ಸು ಹೇಗಿತ್ತು."
ಮನಸ್ಸು ಹೇಗಿತ್ತು!
ನಮ್ಮಮ್ಮ ಆ ಪ್ರಶ್ನೆಯನ್ನು ಹಸುವಿಗೆ ಮಾತ್ರ ಕೇಳುತ್ತಿದ್ದಳು.

ಬರೆದೆ.
ಒಲೆ ಆರಿಸಿದೆ. ಎರಡು ಸಲ ನೋಡಿದೆ.
ನೀಲಿ ಮಾತ್ರೆ ಎಂಟಕ್ಕೆ, ಬಿಳಿಯದು ಊಟದ ಮೇಲೆ.
ಕೀಲಿ, ಕಪ್ಪು ಬ್ರೆಡ್ಡಿನ ಡಬ್ಬಿಯಲ್ಲಿ. ಯಾಕೆಂದು ಕೇಳಬೇಡ.
ಎಂದೆಲ್‌ನ ಹೆಂಡತಿಯ ಹೆಸರು ಸಲ್ಮೆ. ಸಲ್ಮೆ. ಸಲ್ಮೆ.
ಮನಸ್ಸು: ಗಾಳಿ, ಈಶಾನ್ಯದಿಂದ.

ಹೀಗೆ ದಿನಗಳು ತಂತಮ್ಮ ಖಾನೆಗೆ ಬಿದ್ದವು.
ಬೆಳಿಗ್ಗೆ ಎದ್ದು ನಿನ್ನೆಯನ್ನು ಓದುತ್ತೇನೆ,
ಇನ್ನೊಬ್ಬರ ಲಕೋಟೆ ಬಿಚ್ಚಿದವಳ ಹಾಗೆ ಹೆದರಿಕೊಂಡು.
ಕೆಲಸದಲ್ಲಿದ್ದಾಗ ಒಮ್ಮೆಯೂ ಬಿಚ್ಚಿದವಳಲ್ಲ.
ಸರಿ, ಒಮ್ಮೆ.
ಅದನ್ನು ಮಾತ್ರ ಯಾಕೋ ಮರೆಯಲಾಗಿಲ್ಲ.

ಮೇ ಹದಿನಾಲ್ಕರ ಪುಟದಲ್ಲಿ ಹೀಗಿದೆ:
"ರೂಮಸ್ಸಾರೆ ಬಂದರಿನವರೆಗೆ ನಡೆದೆ. ಕಟ್ಟೆಯ ಕೊನೆಯಲ್ಲಿ
ಕಡಲನಾಯಿಯೊಂದು ತಲೆಯೆತ್ತಿ ನನ್ನನ್ನೇ ನೋಡಿತು.
ಮನಸ್ಸು: ಚೆನ್ನಾಗಿತ್ತು."

ನನಗೆ ನೆನಪಿದೆ ಅದು.
ಒದ್ದೆ ಮೀಸೆ. ನಮ್ಮ ಬೋಳುತಲೆಯ ಪೋಸ್ಟ್‌ಮಾಸ್ಟರನ ಥರ
ಸ್ವಲ್ಪ ಬೇಸರದ, ಸ್ವಲ್ಪ ಕುತೂಹಲದ ಕಣ್ಣು.
ಇಡೀ ಬೇಸಿಗೆ ಸಿಕ್ಕಸಿಕ್ಕವರಿಗೆ ಹೇಳಿದೆ,
ತೀಯಳಿಗೆ, ಸಲ್ಮೆಗೆ, ಬ್ರೆಡ್ಡಿನಂಗಡಿಯ ಹುಡುಗನಿಗೆ ಎರಡೆರಡು ಸಲ.
ಮಾರ್ಚಿಯಿಂದೀಚೆಗೆ ಅದೊಂದೇ ನೋಡಿ,
ಪುಸ್ತಕ ತೆರೆಯದೆಯೂ ಬಂದು ನಿಲ್ಲುತ್ತಿದ್ದದ್ದು.

ಆಗಸ್ಟಿನಲ್ಲಿ ಕೊನೆಯ ಹಾಳೆ ಮುಗಿದಾಗ
ರಟ್ಟಿನ ಒಳಬದಿಯಲ್ಲಿ, ಇರುವೆಯಷ್ಟು ಅಕ್ಷರ, ನನ್ನದೇ ಕೈ:
"ಮೇ ಹದಿನಾಲ್ಕು ಸುಳ್ಳು. ಹಾಸಿಗೆಯಿಂದ ಏಳಲಿಲ್ಲ.
ಪರದೆ ಸರಿಸಲಿಲ್ಲ. ತೀಯ ಬೇಜಾರು ಮಾಡಿಕೊಳ್ಳುತ್ತಾಳೆಂದು ಬರೆದೆ."

ಪೆನ್ಸಿಲ್ ಕೆಳಗಿಟ್ಟೆ.
ಕಡಲನಾಯಿ ಹೋಗಲಿಲ್ಲ. ಅದೇ ಮೀಸೆ, ಅದೇ ನೋಟ;
ಅಳಿಸಲು ಹೋದರೆ ನೀರೊಳಗೆ ಜಾರಿ
ಇನ್ನೊಂದು ಕಡೆ ಮೇಲೆದ್ದಿತು.
ಪರದೆ ಸರಿಸದ ಆ ದಿನವನ್ನೋ, ಎಷ್ಟು ತಡಕಿದರೂ ಇಲ್ಲ.
ಅದು ನನಗೆ ಬಂದು ಮುಟ್ಟಲೇ ಇಲ್ಲ.

ಅಂಥ ಕಾಗದಗಳಿಗೆಂದೇ ನಮ್ಮಲ್ಲೊಂದು ಮೊಹರಿತ್ತು,
ನೇರಳೆ ಶಾಯಿಯದು:
ಕಳುಹಿಸಿದವರಿಗೇ ವಾಪಸ್.
ತಿಂಗಳಿಗೆ ಹತ್ತಿಪ್ಪತ್ತು ಸಲ ಹೊಡೆಯುತ್ತಿದ್ದೆ, ಊಟದ ಯೋಚನೆಯಲ್ಲೇ.

ಕೋಟು ಹಾಕಿಕೊಂಡೆ. ಒಲೆ ನೋಡಿದೆ. ಮತ್ತೆ ನೋಡಿದೆ.
ನಡೆದೆ.
ಜೂನಿಪರ್ ಪೊದೆ, ವಿಮಾನ ನಿಲ್ದಾಣದ ಬೇಲಿ, ನಡುವೆ ಎಲ್ಲೋ
ಯಾಕೆ ಹೊರಟೆ ಎನ್ನುವುದೇ ಹಾರಿಹೋಗಿ
ನಿಂತು ಅಂಗೈ ನೋಡಿಕೊಂಡೆ.
ಪೆನ್ನಿನಲ್ಲಿ ಗೀಚಿದ್ದೆ: ಕಡಲನಾಯಿ.
ಹೌದಲ್ಲ, ಎಂದುಕೊಂಡು ಮತ್ತೆ ನಡೆದೆ.

ಕಟ್ಟೆಯ ಕೊನೆಯಲ್ಲಿ ಯಾರೂ ಇರಲಿಲ್ಲ.
ಬಲೆ ಬಿಡಿಸುತ್ತಿದ್ದವನೊಬ್ಬ ತಲೆಯೆತ್ತದೆ ಹೇಳಿದ,
ಅವು ಇಷ್ಟು ಹತ್ತಿರ ಬರುವುದು ಅಪರೂಪ ಅಂತ.
ಅಪರೂಪ ಅಂದರೆ ಇಲ್ಲ ಅಂತಲ್ಲವಲ್ಲ, ಅಂದೆ.
ಅವನು ನಕ್ಕನೋ, ಕೆಮ್ಮಿದನೋ.
ಪೆನ್ಸಿಲಿನ ಮೊನೆ ಮುರಿದಿತ್ತು;
ಹಲ್ಲಿನಲ್ಲಿ ಕಚ್ಚಿ ಕಚ್ಚಿ ಚೂಪು ಮಾಡಿದೆ.

ಹೊಸ ಪುಸ್ತಕದ ಮೊದಲ ಪುಟ:
"ಬಂದರಿಗೆ ಬಂದೆ. ಕಡಲನಾಯಿ ಇಲ್ಲ. ಮಂಡಿ ನೋಯುತ್ತಿದೆ."
ಮನಸ್ಸಿನ ಸಾಲು ತುಂಬ ಹೊತ್ತು ಖಾಲಿ ಇತ್ತು.
ಬೆಳಕು ಇಳಿಯತೊಡಗಿದಾಗ ಅಲ್ಲಿಯೇ ಬರೆದೆ,
ದಪ್ಪ ಅಕ್ಷರದಲ್ಲಿ, ಅಡಿಗೆರೆ ಎಳೆದು:
ಮನೆಗೆ ಹೋಗುವಾಗ ಬೇಲಿ ಎಡಗಡೆಗಿರಬೇಕು.