ಒಂದಕ್ಷರ ಕಡಿಮೆ

ಸೂರ್ ಪೇಟೆ, ಮೀನುಸಂತೆಯ ಹಿಂದಿನ ಗಲ್ಲಿ,
ನನ್ನದು ಎರಡು ಮಶೀನಿನ ಅಂಗಡಿ.
ಗಿರಾಕಿ ಒಳಬಂದರೆ ಮೊದಲು ಸಲಾಂ, ಆಮೇಲೆ ಅಳತೆ.
ಕೈ ಚಾಚಿ ನಿಂತವರು ಸುಮ್ಮನಿರಲಾರದೆ ಕೇಳುತ್ತಾರೆ:
ನಿನ್ನ ಬಲದ್ ಯಾವುದು?

ಹಿಂದ್, ಅನ್ನುತ್ತೇನೆ. ಸಾಕಾಗುತ್ತದೆ ಅವರಿಗೆ.
ಬಲದ್ ಅಂದರೆ ದೇಶವೂ ಹೌದು, ಹುಟ್ಟಿದ ಓಣಿಯೂ ಹೌದು.
ನಾವೂ ಹಾಗೇ ತಾನೆ,
ಟಿಕೀಟು ತೆಗೆಸಿದವನು ‘ಊರಿಗೆ ಹೊಂಟೆ’ ಅಂದರೆ
ಇಡೀ ದೇಶ ಆ ಎರಡಕ್ಷರದಲ್ಲಿ ಹಿಡಿಸುತ್ತದೆ.

ಖಲ್ಫಾನ್ ಮುದುಕ ಮಾತ್ರ ಬಿಡಲಿಲ್ಲ.
ಹಾಯಿಹಡಗಿನ ಕಾಲದಲ್ಲಿ ಮಂಗಳೂರಿನಿಂದ ಹೆಂಚು ತಂದವನಂತೆ.
ಹಿಂದ್ ದೊಡ್ಡದು, ಒಲೆ ಎಲ್ಲಿತ್ತು ಹೇಳು, ಅಂದ.

ಹೆಸರು ಹೇಳಿದೆ.
ಹನ್ನೆರಡು ವರ್ಷದಿಂದ ಬಾಯಿಬಿಟ್ಟು ಹೇಳಿರಲಿಲ್ಲ.
ಅವನ ನಾಲಗೆಗೆ ಬಾಲ ಮಾತ್ರ ಸಿಕ್ಕಿತು: ಊರ್... ಊರ್...
ಆಮೇಲೆ ಹಲ್ಲಿಲ್ಲದ ಬಾಯಿ ತುಂಬ ನಕ್ಕ:
ನಮ್ಮದು ಸೂರ್, ನಿಮ್ಮದು ಊರ್!
ಒಂದಕ್ಷರ ಕಡಿಮೆ. ಎಲ್ಲಿ ಬೀಳಿಸಿಕೊಂಡೆ?

ಸೂರ್ ಅಂದರೆ ಅವರ ಮಾತಲ್ಲಿ ಗೋಡೆ.
ಸೂರು ಅಂದರೆ ನಮ್ಮಲ್ಲಿ ತಲೆಯ ಮೇಲಿನ ಮರೆ.
ಗೋಡೆ ಇವರದು, ಸೂರು ನಮ್ಮದು,
ಇಷ್ಟಾದರೂ ಮನೆ ಆಗಲಿಲ್ಲವಲ್ಲ ಅಂತ
ಕತ್ತರಿ ಹಿಡಿದ ಕೈ ಸ್ವಲ್ಪ ನಿಂತಿತು.

ಅಜ್ಜಿ ಮೌಲಾಬಿ ಹಿತ್ತಲಲ್ಲಿ ಅವರೆಬೀಜ ಊರುತ್ತಿದ್ದಳು.
ಕಡೆಗಾಲಕ್ಕೆ ಊರುಗೋಲು.
ಬಾವಿ ಬತ್ತಿದ ವರ್ಷ ಕಟ್ಟೆಗೆ ಕೂತು
‘ತಡಿ, ಊರತದ’ ಅಂತ ನೀರಿಗೆ ಕಾದವಳು.
ನೆಡುವುದು, ನಿಲ್ಲುವುದು, ಒಸರುವುದು,
ಎಲ್ಲಕ್ಕೂ ಅವಳ ಬಳಿ ಒಂದೇ ಮಾತು.
ಒಂದೇ ಬೇರೋ, ಬೇರೆ ಬೇರೋ, ಪಂಡಿತರು ಹೇಳಬೇಕು;
ನನ್ನ ಕೊರಳಲ್ಲಿರುವುದು ಬರೇ ಟೇಪು.

ಆಮೇಲೆ ಅಣೆಕಟ್ಟು.
ಸರ್ವೇದವರು ಮಸೀದಿ ಮೆಟ್ಟಿಲಿಗೆ ಹಳದಿ ಗೆರೆ ಎಳೆದರು:
ನೀರು ಇಲ್ಲಿತನಕ.
ಕಾದದ್ದಕ್ಕಿಂತ ಹೆಚ್ಚೇ ಊರಿತು ನೋಡು, ಅಂದಳು ಅಜ್ಜಿ,
ಎಮ್ಮೆ ಕಟ್ಟುವ ಗೂಟ ಅಲ್ಲಾಡಿಸಿ ಕೀಳುತ್ತ.

ನಮ್ಮನ್ನಿಟ್ಟ ಜಾಗಕ್ಕೆ ಹೆಸರಿರಲಿಲ್ಲ.
ಯೂನಿಟ್ ಎರಡು, ಬ್ಲಾಕ್ ಸಿ.
ಕಲ್ಲುನೆಲ. ಕೋಲು ಊರಿದಲ್ಲೆಲ್ಲ ಜಾರುತ್ತಿತ್ತು.
ಅವಳು ಅಲ್ಲಿದ್ದದ್ದು ಆರೇ ತಿಂಗಳು;
ಗೂಟವನ್ನು ಮಂಚದ ಕೆಳಗೇ ಇಟ್ಟುಕೊಂಡಿದ್ದಳು.

ಇದನ್ನೆಲ್ಲ ಮುದುಕನಿಗೆ ಹೇಳುವಷ್ಟು ಅರಬ್ಬಿ ನನಗೆಲ್ಲಿ?
ಮಾಯ್, ಅಂದೆ. ನೀರು.
ಕೈಯನ್ನು ಎದೆಮಟ್ಟಕ್ಕೆ ಹಿಡಿದೆ, ಆಮೇಲೆ ತಲೆಯಿಂದ ಮೇಲಕ್ಕೆ.
ಸಮುದ್ರ ಕಂಡವನಿಗೆ ಅಷ್ಟು ಸಾಕಿತ್ತೇನೋ,
ಬಹಳ ಹೊತ್ತು ಸುಮ್ಮನಿದ್ದ.
ಕೊನೆಗೆ, ತೋಳು ಇನ್ನೊಂದು ಬೆರಳು ಉದ್ದ ಇರಲಿ, ಅಂದ,
ಈದಿನೊಳಗೆ ಕೊಡು.

ಮಶೀನಿನ ಕಾಲು ಬಿಳಿ ಬಟ್ಟೆಯ ಮೇಲೆ ಊರಿದೆ.
ಸೂಜಿ ಇಳಿದೇಳುತ್ತದೆ, ಇಳಿದೇಳುತ್ತದೆ.
ಕೊರಳಿನ ಗೊಂಡೆ ಮಾತ್ರ ಕೈಯಲ್ಲೇ ಹೊಲಿಯಬೇಕು,
ಅತ್ತರು ಅದ್ದುವುದು ಅದಕ್ಕೆ.

ಎದುರಿನ ಅಂಗಡಿಯ ಭಟ್ಕಳದವನು ಚಾ ತಂದಿಟ್ಟು ಕೇಳಿದ:
ಈ ಸಲ ಊರಿಗೆ ಯಾವಾಗ?
ದಾರ ಹಲ್ಲಲ್ಲಿತ್ತು.
ತಲೆ ಮಾತ್ರ ಆಡಿಸಿದೆ.